ಗುಂಗುರು ಕೂದಲಿನ ಅತಿಥಿ

(ಬಾನುಲಿ ಭಾಷಣ)

ಉಳವಿ ಎಂದೊಡನೆ ನಾಡಿನ ಬಹುಮಂದಿಗೆ ನೆನಪಾಗುವುದು ಉತ್ತರ ಕನ್ನಡದ ಅಡವಿಯ ನಡುವಿನ, ಚೆನ್ನಬಸವಣ್ಣನವರ ಐಕ್ಯಸ್ಥಳವಾದ ಉಳವಿ. ನಾನಿಂದು ಹೇಳಹೊರಟಿರುವುದು ಆ ಪುಣ್ಯಕ್ಷೇತ್ರದ ಮಾತಲ್ಲ. ಶಿವಮೊಗ್ಗ ಜಿಲ್ಲೆಯ ಸೊರಬ ತಾಲ್ಲೂಕಿನ ಉಳವಿಯ ಮಾತು. ಭತ್ತದ ಗದ್ದೆ, ಅಡಿಕೆಯ ತೋಟ, ಊರಿಗೊಂದು ಕೆರೆ, ಕೆರೆಯ ಮೇಲೆ ಕಾನು — ಇದು ಆ ಸೀಮೆಯ ಸ್ವರೂಪ. ಇಂಥ ಊರುಗಳಲ್ಲಿ ನಾಯಿ ಎಂದರೆ ಅಂಗಳದಲ್ಲಿ ಮಲಗುವ, ತೋಟಕ್ಕೆ ಯಜಮಾನನ ಹಿಂದೆ ಹೋಗುವ, ಮಂಗಗಳನ್ನು ಅಟ್ಟುವ, ಉಳಿದ ಅನ್ನ ಮಜ್ಜಿಗೆಯಿಂದ ತೃಪ್ತವಾಗುವ ಪ್ರಾಣಿ. ಅದಕ್ಕೆ ಬಾಚಣಿಗೆಯ ಅಗತ್ಯವನ್ನು ಯಾರೂ ಕಂಡವರಲ್ಲ.

ಈಚಿನ ಕೆಲವು ವರ್ಷಗಳಲ್ಲಿ ಈ ಜಗಲಿಗಳ ಮೇಲೆ ಹೊಸದೊಂದು ಜೀವ ಕಾಣಿಸಿಕೊಳ್ಳುತ್ತಿದೆ. ಗೇಣುದ್ದದ ಕಾಲು, ಗುಂಡಿಯಂಥ ಕಣ್ಣು, ಮೈತುಂಬ ಕುರಿಮರಿಯ ತುಪ್ಪಟದಂಥ ಗುಂಗುರು ಕೂದಲು. ಅದರ ಹೆಸರು ಟಾಯ್ ಪೂಡಲ್. ಗೊಂಬೆಯಷ್ಟು ಚಿಕ್ಕದಾದ ಪೂಡಲ್ ಎಂದು ಅರ್ಥ. 2020ರ ಮಹಾಮಾರಿಯ ಕಾಲದಲ್ಲಿ ಪಟ್ಟಣದ ಕೆಲಸವನ್ನು ಊರಿನ ಮನೆಯಿಂದಲೇ ಮಾಡಲು ಬಂದ ಮಕ್ಕಳು ಕೆಲವರು ಇದನ್ನು ಜೊತೆಗೆ ತಂದರು. ಮಹಾಮಾರಿ ಇಳಿದ ಮೇಲೆ ಮಕ್ಕಳು ಹಿಂದಿರುಗಿದರು. ನಾಯಿ ಅಜ್ಜ ಅಜ್ಜಿಯರ ಪಾಲಿಗೆ ಉಳಿಯಿತು. ಪಶುವೈದ್ಯನಾಗಿ ನಾನು ಈ ಮನೆಗಳಿಗೆ ಹೋದಾಗಲೆಲ್ಲ ಒಂದೇ ಬಗೆಯ ಮಾತನ್ನು ಕೇಳಿದ್ದೇನೆ: “ಇದರ ಕೂದಲು ಉದುರುವುದಿಲ್ಲವಂತೆ ಡಾಕ್ಟ್ರೇ, ಪುಟ್ಟದಂತೆ, ಹೆಚ್ಚು ಜಾಗ ಬೇಡವಂತೆ, ಬಹಳ ಬುದ್ಧಿವಂತ ಜಾತಿಯಂತೆ.” ಈ ಮೂರು ಮಾತುಗಳೂ ನಿಜವೇ. ಆದರೆ ಒಂದೊಂದು ಗುಣದ ಹಿಂದೆಯೂ ಸಾಕುವವನ ಪಾಲಿಗೆ ಒಂದೊಂದು ದುಡಿಮೆ ಅಡಗಿದೆ. ಮಾರುವವರು ಗುಣವನ್ನು ಹೇಳುತ್ತಾರೆ, ದುಡಿಮೆಯನ್ನು ಹೇಳುವುದಿಲ್ಲ. ಆ ಹೇಳದೆ ಉಳಿದ ಅರ್ಧವನ್ನು ತಮ್ಮ ಮುಂದಿಡುವುದು ಈ ಹೊತ್ತಿನ ನನ್ನ ಉದ್ದೇಶ.

ಮೊದಲು ಇದರ ಹುಟ್ಟಿನ ವಿಚಾರ. ನಾಯಿಯ ಒಂದೊಂದು ತಳಿಯನ್ನೂ ಮನುಷ್ಯ ಒಂದೊಂದು ಕೆಲಸಕ್ಕಾಗಿ ತಿದ್ದಿದ್ದಾನೆ. ಮಂಡ್ಯ ಜಿಲ್ಲೆಯ ಆತಕೂರಿನ ಹತ್ತನೆಯ ಶತಮಾನದ ಶಾಸನ, ಹಂದಿಯೊಡನೆ ಹೋರಾಡಿ ಮಡಿದ ಕಾಳಿ ಎಂಬ ಬೇಟೆನಾಯಿಯನ್ನು ಸ್ಮರಿಸುತ್ತದೆ. ನಮ್ಮ ಮುಧೋಳದ ನಾಯಿಯ ನೀಳ ಕಾಲು, ಸಣ್ಣ ಸೊಂಟಗಳು ಬಯಲಿನಲ್ಲಿ ಮೊಲವನ್ನಟ್ಟುವ ಓಟಕ್ಕೆಂದೇ ರೂಪುಗೊಂಡವು. ಪೂಡಲ್ ಅಂತೆಯೇ ಯೂರೋಪಿನ ನೀರುನಾಯಿ. ಇಲ್ಲಿ ನೀರುನಾಯಿ ಎಂದರೆ ನಮ್ಮ ಹೊಳೆಗಳ ಮೀನು ಹಿಡಿಯುವ ಪ್ರಾಣಿಯಲ್ಲ. ಬೇಟೆಗಾರ ಹೊಡೆದುರುಳಿಸಿದ ಬಾತುಕೋಳಿಯನ್ನು ಕೊರೆಯುವ ಕೊಳಗಳಿಂದ ಈಜಿ ಕಚ್ಚಿ ತರುತ್ತಿದ್ದ ನಾಯಿ. ಪೂಡಲ್ ಎಂಬ ಹೆಸರು ಬಂದದ್ದೇ ನೀರನ್ನು ಚಿಮ್ಮಿಸು ಎಂಬರ್ಥದ ಜರ್ಮನ್ ಮಾತಿನಿಂದ. ಫ್ರೆಂಚರು ಇದನ್ನು ಕನೀಶ್ ಎಂದು ಕರೆಯುತ್ತಾರೆ. ಆ ಹೆಸರಿನಲ್ಲೂ ಬಾತುಕೋಳಿಯ ನೆನಪಿದೆ. ಪ್ರದರ್ಶನಗಳಲ್ಲಿ ಈ ನಾಯಿಯ ಎದೆಯ ಮೇಲೂ ಕೀಲುಗಳ ಮೇಲೂ ಕೂದಲನ್ನು ಚೆಂಡುಚೆಂಡಾಗಿ ಬಿಟ್ಟು ಉಳಿದುದನ್ನು ಬೋಳಿಸಿರುವುದನ್ನು ಕಂಡು ನಾವು ನಗುವುದುಂಟು. ಅದರ ಮೂಲ ಕೂಡ ಕೆಲಸದಲ್ಲೇ ಇದೆ ಎಂದು ಹೇಳುತ್ತಾರೆ: ಈಜಲು ಮೈ ಹಗುರವಾಗಬೇಕು, ಆದರೆ ಎದೆಗೂ ಕೀಲುಗಳಿಗೂ ಚಳಿ ತಾಗಬಾರದು.

ಆ ದೊಡ್ಡ ನಾಯಿಯನ್ನೇ ತಲೆಮಾರುಗಳ ಮೇಲೆ ತಲೆಮಾರು ಕಿರಿದು ಮಾಡುತ್ತ ಬಂದು, ಕೊನೆಗೆ ಮಡಿಲಲ್ಲಿ ಹಿಡಿಸುವಷ್ಟು ಚಿಕ್ಕದಾಗಿಸಿದರು. ಟಾಯ್ ಪೂಡಲ್ ಹೆಗಲವರೆಗೆ ಅಳೆದರೆ ಹತ್ತು ಹನ್ನೊಂದು ಅಂಗುಲ ಎತ್ತರ. ತೂಕ ಎರಡರಿಂದ ನಾಲ್ಕು ಕಿಲೋ. ಮೈ ಕಿರಿದಾದರೂ ಕೂದಲು ನೀರುನಾಯಿಯದಾಗಿಯೇ ಉಳಿಯಿತು, ಬುದ್ಧಿ ದುಡಿಯುವ ನಾಯಿಯದಾಗಿಯೇ ಉಳಿಯಿತು. ಈ ಮಾತನ್ನು ನೆನಪಿಟ್ಟರೆ ಇದರ ಪಾಲನೆಯ ಸೂತ್ರವೆಲ್ಲ ಕೈಗೆ ಸಿಕ್ಕಂತೆ.

ಮೊದಲನೆಯದು ಕೂದಲು. ನಮ್ಮ ಊರುನಾಯಿಯ ಕೂದಲು ಒಂದು ಮಟ್ಟಕ್ಕೆ ಬೆಳೆದು ನಿಂತು, ಕಾಲಕಾಲಕ್ಕೆ ಉದುರಿ, ಹೊಸದು ಹುಟ್ಟುತ್ತದೆ. ಪೂಡಲ್‌ನ ಕೂದಲು ನಮ್ಮ ತಲೆಗೂದಲಿನಂತೆ ಬೆಳೆಯುತ್ತಲೇ ಹೋಗುತ್ತದೆ. ಹಾಗೆಂದು ಅದು ಉದುರುವುದೇ ಇಲ್ಲವೆಂದಲ್ಲ. ಉದುರಿದ್ದು ನೆಲಕ್ಕೆ ಬೀಳದೆ ಗುಂಗುರಿನಲ್ಲೇ ಸಿಕ್ಕಿಕೊಳ್ಳುತ್ತದೆ. ದಿನವೂ ಬಾಚಿ ತೆಗೆಯದಿದ್ದರೆ ಅದು ಸುತ್ತಲಿನ ಕೂದಲನ್ನು ಹೆಣೆದುಕೊಂಡು ಜಡೆಗಟ್ಟುತ್ತದೆ. ಕಿವಿಯ ಹಿಂದೆ, ಕಂಕುಳಲ್ಲಿ, ತೊಡೆಯ ಸಂದಿಯಲ್ಲಿ, ಕೊರಳಪಟ್ಟಿಯ ಅಡಿಯಲ್ಲಿ ಇದು ಮೊದಲು ಕಾಣಿಸಿಕೊಳ್ಳುತ್ತದೆ. ಒಂದು ತೋಟದ ಮನೆಯಲ್ಲಿ ನಾನು ನೋಡಿದ ನಾಯಿಯ ಮೈಮೇಲೆ ಎರಡು ತಿಂಗಳ ಜಡೆ ಕಂಬಳಿಯಂತೆ ಒಂದೇ ಹಾಸಾಗಿ ನಿಂತಿತ್ತು. ಅದನ್ನು ಕತ್ತರಿಸಿ ತೆಗೆದಾಗ ಒಳಗೆ ಚರ್ಮವೆಲ್ಲ ಕೆಂಪಾಗಿ, ಅಲ್ಲಲ್ಲಿ ಕೀವು ಕಟ್ಟಿತ್ತು. ಆ ಮನೆಯ ಹಿರಿಯರು ನಿರ್ದಯರಲ್ಲ. ಅದಕ್ಕೆ ಹಾಲು ಅನ್ನ ಇಕ್ಕಿ ಮಗುವಿನಂತೆ ನೋಡಿಕೊಂಡಿದ್ದರು. ಮೇಲೆ ನಯವಾಗಿ ಕಾಣುವ ಕೂದಲಿನ ಬುಡದಲ್ಲಿ ಏನಾಗುತ್ತಿದೆಯೆಂದು ಅವರಿಗೆ ಯಾರೂ ತಿಳಿಸಿರಲಿಲ್ಲ, ಅಷ್ಟೆ.

ಆದ್ದರಿಂದ ಬಾಚಣಿಗೆ ಮೇಲುಮೇಲೆ ಆಡಿದರೆ ಸಾಲದು. ಕೂದಲನ್ನು ಕೈಯಿಂದ ಸೀಳಿ, ಬುಡದ ಚರ್ಮ ಕಾಣುವಂತೆ ಸಾಲುಸಾಲಾಗಿ ಬಾಚಬೇಕು. ಲೋಹದ ಬಾಚಣಿಗೆ ಎಲ್ಲಿಯೂ ತಡೆಯದೆ ಬುಡದಿಂದ ತುದಿಗೆ ಬಂದರೆ ಕೆಲಸ ಮುಗಿಯಿತೆಂದು ಅರ್ಥ. ಇನ್ನೊಂದು ಮಾತು ಬಹು ಮುಖ್ಯ: ಬಾಚುವುದು ಸ್ನಾನಕ್ಕೆ ಮೊದಲು. ಗಂಟಿರುವ ಕೂದಲಿಗೆ ನೀರು ಬಿದ್ದರೆ ಗಂಟು ಬಿಗಿದು, ಮತ್ತೆ ಬಿಡಿಸಲಾಗದು. ಎರಡು ಮೂರು ವಾರಕ್ಕೊಮ್ಮೆ ಉಗುರುಬೆಚ್ಚಗಿನ ನೀರಿನ ಸ್ನಾನ ಸಾಕು. ನಾಲ್ಕರಿಂದ ಆರು ವಾರಗಳಿಗೊಮ್ಮೆ ಕ್ಷೌರ ಆಗಬೇಕು. ಪಟ್ಟಣದಲ್ಲಿ ಇದಕ್ಕೆಂದೇ ಅಂಗಡಿಗಳುಂಟು. ಹಳ್ಳಿಯಲ್ಲಿ ಮನೆಯವರೇ ಕತ್ತರಿ ಹಿಡಿಯಬೇಕು. ಚೆಂದದ ಚೆಂಡುಗಳ ಆಸೆಯನ್ನು ಬಿಟ್ಟು ಮೈಯೆಲ್ಲ ಅರ್ಧ ಅಂಗುಲಕ್ಕೆ ಒಂದೇ ಸಮನಾಗಿ ಕತ್ತರಿಸುವುದು ನಮ್ಮ ಹವೆಗೆ ಯೋಗ್ಯ.

ಕೂದಲು ಉದುರದ ಈ ನಾಯಿಯಿಂದ ಉಬ್ಬಸದವರಿಗೆ ತೊಂದರೆಯಿಲ್ಲವೆಂಬ ಮಾತೂ ಉಂಟು. ಅದನ್ನು ಪೂರ್ತಿ ನಂಬುವಂತಿಲ್ಲ. ಅಲರ್ಜಿ ಉಂಟುಮಾಡುವುದು ಕೂದಲಲ್ಲ. ನಾಯಿಯ ಜೊಲ್ಲಿನಲ್ಲಿಯೂ ಚರ್ಮದ ಹೊಟ್ಟಿನಲ್ಲಿಯೂ ಇರುವ ಪ್ರೋಟೀನು. ಅದು ಪೂಡಲ್‌ಗೂ ಇದೆ.

ಇನ್ನು ಮಲೆನಾಡಿನ ಮಳೆ. ಜೂನಿನಿಂದ ಸೆಪ್ಟೆಂಬರಿನವರೆಗೆ ನಮ್ಮಲ್ಲಿ ಒಗೆದ ಬಟ್ಟೆ ಒಣಗುವುದೇ ಕಷ್ಟ. ಗುಂಗುರು ಕೂದಲು ಒಣಗುವುದು ಇನ್ನೂ ಕಷ್ಟ. ಒದ್ದೆ ಕೂದಲಿನ ಅಡಿಯಲ್ಲಿ ಬೂಷ್ಟು, ಕಜ್ಜಿ ಬೇಗ ಹುಟ್ಟುತ್ತವೆ. ಹೊರಗೆ ಹೋಗಿ ಬಂದೊಡನೆ ಹಳೆಯ ಹತ್ತಿಬಟ್ಟೆಯಿಂದ ಒತ್ತಿ ಒರೆಸಿ, ಬೆಚ್ಚಗಿನ ಕಡೆ ಕೂರಿಸಬೇಕು. ಇದರ ಜೋಲುಕಿವಿಯ ಒಳಗೂ ಕೂದಲು ಬೆಳೆಯುವುದರಿಂದ ಗಾಳಿಯಾಡದೆ ಅಲ್ಲಿ ಸೋಂಕು ನೆಲೆಸುತ್ತದೆ. ನಾಯಿ ತಲೆ ಕೊಡವುತ್ತಿದ್ದರೆ, ಕಿವಿಯಿಂದ ಹುಳಿವಾಸನೆ ಬಂದರೆ, ಎಣ್ಣೆ ಕಾಯಿಸಿ ಬಿಡುವ ಮನೆಮದ್ದಿಗೆ ಹೋಗದೆ ವೈದ್ಯರಿಗೆ ತೋರಿಸುವುದು ಒಳಿತು. ಕಿವಿತಮಟೆಗೆ ಪೆಟ್ಟಾಗಿದ್ದರೆ ಎಣ್ಣೆಯಿಂದ ಕೇಡೇ ಹೆಚ್ಚು.

ಮಳೆ ಮುಗಿದ ಮೇಲೆ ಉಣುಗಿನ ಕಾಲ. ಉಣುಗಿನ ಸಂಗತಿಯನ್ನು ಸೊರಬದವರಿಗೆ ಯಾರೂ ವಿವರಿಸಬೇಕಾಗಿಲ್ಲ. 1957ರಲ್ಲಿ ಮಂಗಗಳು ಸತ್ತುಬಿದ್ದು, ಜನ ಜ್ವರದಿಂದ ನರಳಿ, ಲೋಕಕ್ಕೆ ಹೊಸದೊಂದು ವೈರಸ್ಸು ತಿಳಿದುಬಂದದ್ದು ಇದೇ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ. ಮಂಗನ ಕಾಯಿಲೆಗೆ ವೈದ್ಯಗ್ರಂಥಗಳಲ್ಲಿ ಇಂದಿಗೂ ಕ್ಯಾಸನೂರಿನ ಹೆಸರೇ ಇದೆ. ಅದನ್ನು ಹರಡುವ ಕಾಡಿನ ಉಣುಗು ಬೇರೆ, ನಾಯಿಯ ಕಿವಿಯಲ್ಲಿ ನಾವು ನಿತ್ಯ ಕಾಣುವ ಕಂದು ಉಣುಗು ಬೇರೆ. ಎರಡನ್ನೂ ಒಂದೆಂದು ತಿಳಿದು ಮನೆಯ ನಾಯಿಯನ್ನು ಕಂಡು ಹೆದರಬೇಕಾಗಿಲ್ಲ. ಆದರೆ ಕಾನಿಗೆ ಹೋಗಿ ಬಂದ ನಾಯಿ ಯಾವ ಉಣುಗನ್ನಾದರೂ ಮೈಮೇಲೆ ಹೊತ್ತು ಮನೆಯೊಳಗೆ ತಂದೀತು. ಕಂದು ಉಣುಗೂ ಸಾಧುವಲ್ಲ. ನಾಯಿಯ ನೆತ್ತರಿನ ಕಣಗಳನ್ನು ಕೆಡಿಸುವ ಜ್ವರಗಳನ್ನು ಅದು ಹರಡುತ್ತದೆ. ಊಟ ಬಿಟ್ಟು, ಒಸಡು ಬಿಳಿಚಿ, ಮೂಗಿನಲ್ಲಿ ರಕ್ತ ಬಂದರೆ ಒಂದು ದಿನವೂ ಕಾಯಬಾರದು. ಬಿಳಿಯ ಮೈಯ ಊರುನಾಯಿಯಲ್ಲಿ ಉಣುಗು ದೂರದಿಂದಲೇ ಕಾಣುತ್ತದೆ. ಪೂಡಲ್‌ನ ಗುಂಗುರಿನಲ್ಲಿ ನೂರು ಉಣುಗು ಅಡಗಿದರೂ ಕಾಣದು. ದಿನದ ಬಾಚಣಿಗೆ ಇಲ್ಲಿ ಬರಿಯ ಸಿಂಗಾರವಲ್ಲ, ಕಾವಲು. ಕಂಡ ಉಣುಗನ್ನು ಚಿಮಟದಿಂದ ಚರ್ಮಕ್ಕೆ ತಾಗಿಸಿ ಹಿಡಿದು ನೇರವಾಗಿ ಎಳೆಯಬೇಕು. ಬೆರಳಿನಿಂದ ಹಿಸುಕಬಾರದು, ಬೆಂಕಿ ತಾಗಿಸಬಾರದು. ಮಳೆಗಾಲದ ಉಂಬಳಕ್ಕಾದರೆ ಚಿಟಿಕೆ ಉಪ್ಪು ಸಾಕು.

ಇಲ್ಲಿ ಕೈಮುಗಿದು ಹೇಳುವ ಒಂದು ಮಾತಿದೆ. ಉಣುಗು ಸಾಯಲೆಂದು ಭತ್ತಕ್ಕೋ ತರಕಾರಿಗೋ ಹೊಡೆಯುವ ಕೀಟನಾಶಕವನ್ನು ನೀರಿಗೆ ಬೆರೆಸಿ ನಾಯಿಯ ಮೈಗೆ ಸವರುವ ಪದ್ಧತಿ ನಮ್ಮ ಹಳ್ಳಿಗಳಲ್ಲಿದೆ. ನಾಯಿ ಮೈ ನೆಕ್ಕಿಕೊಳ್ಳುತ್ತದೆ. ಚರ್ಮವೂ ವಿಷವನ್ನು ಹೀರುತ್ತದೆ. ಜೊಲ್ಲು ಸುರಿದು, ಮೈ ನಡುಗಿ, ಉಸಿರು ಕಟ್ಟಿ ಸಾಯುವುದಕ್ಕೆ ಮೂರು ಕಿಲೋ ಪ್ರಾಣಿಗೆ ಹೆಚ್ಚು ಹೊತ್ತು ಬೇಡ. ಅಂತೆಯೇ ದನಕ್ಕೆ ತಂದ ಔಷಧಿಯನ್ನು ಅಂದಾಜಿನ ಮೇಲೆ ಕೊಡುವುದು, ನಮ್ಮ ನೋವಿನ ಗುಳಿಗೆಯನ್ನು ಮುರಿದು ತಿನ್ನಿಸುವುದು ಕೂಡದು. ನಾಯಿಗೆಂದೇ, ತೂಕಕ್ಕೆ ತಕ್ಕಂತೆ ಮಾಡಿದ ಉಣುಗಿನ ಔಷಧಿಗಳು ಇಂದು ದೊರೆಯುತ್ತವೆ. ತೂಕ ನೋಡಿ ವೈದ್ಯರು ಹೇಳಿದ್ದನ್ನೇ ಬಳಸಬೇಕು.

ಎರಡನೆಯ ಗುಣ ಚಿಕ್ಕತನ. ಮೂರು ಕಿಲೋ ತೂಗುವ ನಾಯಿಗೆ ದಿನಕ್ಕೆ ಬೇಕಾದ ಆಹಾರ ಸುಮಾರು 200ರಿಂದ 250 ಕ್ಯಾಲೊರಿ. ಒಂದು ಬಟ್ಟಲು ಅನ್ನದಲ್ಲಿಯೇ ಸುಮಾರು 200 ಕ್ಯಾಲೊರಿ ಇದೆ. ಮೇಲೊಂದು ಚಮಚ ತುಪ್ಪ ಬಿದ್ದರೆ ದಿನದ ಲೆಕ್ಕ ಮುಗಿಯಿತು. ಆದರೆ ಮಾಂಸಖಂಡ ಬೆಳೆಯಲು ಬೇಕಾದ ಪ್ರೋಟೀನು ಸೇರಲೇ ಇಲ್ಲ. ಅನ್ನವನ್ನು ಅರಗಿಸುವ ಶಕ್ತಿ ನಾಯಿಗೆ ತೋಳಕ್ಕಿಂತ ಹೆಚ್ಚಾಗಿಯೇ ಇದೆ. ಮನುಷ್ಯನೊಡನೆ ಬಾಳಿ ಪಡೆದುಕೊಂಡ ಶಕ್ತಿ ಅದು. ಆದರೂ ಅನ್ನ ಕಡಮೆಯಾಗಿ, ಬೇಯಿಸಿದ ಮೊಟ್ಟೆ, ಕೋಳಿ, ಮುಳ್ಳು ತೆಗೆದ ಮೀನು ಮುಂತಾದುವು ಮುಖ್ಯವಾಗಬೇಕು. ಮಾಂಸ ಒಳಗೆ ಬಾರದ ಮನೆಗಳಲ್ಲಿ ಸಮತೋಲವಾಗಿ ತಯಾರಿಸಿದ ನಾಯಿಯ ಆಹಾರವನ್ನು ವೈದ್ಯರನ್ನು ಕೇಳಿ ತರುವುದು ಲೇಸು. ಎಳೆಯ ಮರಿಗೆ ದಿನಕ್ಕೆ ನಾಲ್ಕು ಬಾರಿ ಸ್ವಲ್ಪ ಸ್ವಲ್ಪ ಕೊಡಬೇಕು. ಇಷ್ಟು ಚಿಕ್ಕ ಮೈಯಲ್ಲಿ ಸಕ್ಕರೆಯ ಸಂಗ್ರಹ ಅತ್ಯಲ್ಪ. ಒಂದು ಹೊತ್ತು ತಪ್ಪಿದರೂ ಮರಿ ತೂರಾಡಿ ಬೀಳಬಹುದು. ಆಗ ಒಸಡಿಗೆ ಜೇನುತುಪ್ಪ ಸವರಿ ತಡಮಾಡದೆ ವೈದ್ಯರಲ್ಲಿಗೆ ಒಯ್ಯಬೇಕು.

ಮನುಷ್ಯನಿಗೆ ರುಚಿಯಾದ ಕೆಲವು ವಸ್ತುಗಳು ನಾಯಿಗೆ ವಿಷ. ಈರುಳ್ಳಿ, ಬೆಳ್ಳುಳ್ಳಿ, ದ್ರಾಕ್ಷಿ, ಪಾಯಸದ ಒಣದ್ರಾಕ್ಷಿ, ಚಾಕೊಲೇಟು, ಕಾಫಿಪುಡಿ ಇವುಗಳಲ್ಲಿ ಸೇರಿವೆ. ನಮ್ಮ ಕಡೆಯವರು ಇದಕ್ಕೆ ಅಡಿಕೆಯನ್ನೂ ಸೇರಿಸಿಕೊಳ್ಳಬೇಕು. ಅಡಿಕೆಯಲ್ಲಿರುವ ಅರೆಕೊಲಿನ್ ಎಂಬ ಸತ್ತ್ವವನ್ನು ಒಂದು ಕಾಲದಲ್ಲಿ ಪಶುವೈದ್ಯರು ನಾಯಿಯ ಹೊಟ್ಟೆಯ ಲಾಡಿಹುಳುವನ್ನು ಕೆಡವಲು ಬಳಸುತ್ತಿದ್ದರು. ಮದ್ದಿಗೂ ವಿಷಕ್ಕೂ ನಡುವೆ ಅಂತರ ಕಿರಿದಾಗಿದ್ದುದರಿಂದ, ಹೆಚ್ಚು ಸುರಕ್ಷಿತವಾದ ಔಷಧಿಗಳು ಬಂದ ಮೇಲೆ ಅದು ಹಿಂದೆ ಸರಿಯಿತು. ಸುಗ್ಗಿಯ ದಿನಗಳಲ್ಲಿ ಅಂಗಳದ ತುಂಬ ಅಡಿಕೆ ಹರಡಿರುವಾಗ ಎಲ್ಲವನ್ನೂ ಬಾಯಲ್ಲಿಟ್ಟು ನೋಡುವ ಮರಿಯನ್ನು ಅಲ್ಲಿ ಬಿಡಲಾಗದು.

ಚಿಕ್ಕ ಮೂಳೆಗಳ ಕಷ್ಟ ಬೇರೆ. ಇಂಥ ನಾಯಿಗಳ ಹಿಂಗಾಲಿನ ಮೊಣಕಾಲಚಿಪ್ಪು ತನ್ನ ಜಾಡಿನಿಂದ ಜಾರುವುದು ಸಾಮಾನ್ಯ. ಓಡುತ್ತಿದ್ದ ನಾಯಿ ಎರಡು ಹೆಜ್ಜೆ ಕಾಲೆತ್ತಿ ಕುಂಟಿ, ಮತ್ತೆ ಸರಿಯಾಗಿ ಓಡಿದರೆ ಅದನ್ನು ಆಟವೆಂದು ತಿಳಿಯಬಾರದು. ಎತ್ತರದ ಜಗಲಿಯಿಂದ ಹಾರಲು ಬಿಡದೆ, ನುಣುಪಾದ ನೆಲಕ್ಕೆ ಚಾಪೆ ಹಾಸಿದರೆ ಎಷ್ಟೋ ಉಪಕಾರ. ಶ್ವಾಸನಾಳವೂ ಮೃದು, ಕೊರಳಪಟ್ಟಿಗೆ ಹಗ್ಗ ಕಟ್ಟಿ ಜಗ್ಗುವ ಬದಲು ಎದೆಯನ್ನು ಬಳಸುವ ಪಟ್ಟಿಯನ್ನು ತೊಡಿಸಬೇಕು. ಕಿರಿದಾದ ದವಡೆಯಲ್ಲಿ ಹಲ್ಲುಗಳು ಒತ್ತೊತ್ತಾಗಿ ಬೆಳೆದು ಬೇಗ ಕೊಳೆಯುತ್ತವೆ. ನಾಯಿಗೆಂದೇ ಮಾಡಿದ ಹಲ್ಲುಪುಡಿಯಿಂದ ತಿಕ್ಕುವ ಅಭ್ಯಾಸವನ್ನು ಮರಿಯಿದ್ದಾಗಲೇ ಮಾಡಿಸಬೇಕು. ಕತ್ತಲಾದ ಮೇಲೆ ಇದನ್ನು ಹೊರಗೆ ಕಟ್ಟುವ ಮಾತೇ ಇಲ್ಲ. ಮಲೆನಾಡಿನಲ್ಲಿ ಚಿರತೆ ಅಂಗಳದ ನಾಯಿಯನ್ನೇ ಎತ್ತಿಕೊಂಡು ಹೋಗುವುದುಂಟು. ಈ ಗೊಂಬೆ ಅದಕ್ಕೆ ಒಂದು ತುತ್ತು.

ಮೂರನೆಯ ಗುಣ ಬುದ್ಧಿ. 1994ರಲ್ಲಿ ಸ್ಟ್ಯಾನ್ಲಿ ಕೋರೆನ್ ಎಂಬ ಮನಶ್ಶಾಸ್ತ್ರಜ್ಞರು ನಾಯಿಗಳ ಬುದ್ಧಿಯನ್ನು ಕುರಿತು ಬರೆದ ಗ್ರಂಥದಲ್ಲಿ, ಹೇಳಿದ್ದನ್ನು ಕಲಿತು ನಡೆಸುವ ಶಕ್ತಿಯಲ್ಲಿ ಕುರಿ ಕಾಯುವ ಬಾರ್ಡರ್ ಕಾಲಿಗೆ ಮೊದಲ ಸ್ಥಾನ, ಪೂಡಲ್‌ಗೆ ಎರಡನೆಯದು. ಸರ್ಕಸ್ಸಿನವರು ಇದನ್ನು ಮೆಚ್ಚಿದ್ದು ಸಹಜವೇ. ಮೆಚ್ಚಿದವರಲ್ಲಿ ತತ್ತ್ವಜ್ಞಾನಿಗಳೂ ಇದ್ದರು. ನಮ್ಮ ಉಪನಿಷತ್ತುಗಳನ್ನು ಲ್ಯಾಟಿನ್ ಅನುವಾದದಲ್ಲಿ ಓದಿ ಮಾರುಹೋದ ಜರ್ಮನಿಯ ಶೋಪೆನ್‌ಹೌರ್ ಒಂದಾದ ಮೇಲೊಂದು ಪೂಡಲ್‌ಗಳನ್ನು ಸಾಕಿ, ಅವುಗಳಿಗೆ ‘ಆತ್ಮ’ ಎಂದೇ ಹೆಸರಿಟ್ಟಿದ್ದ. ಮನುಷ್ಯರ ಸಹವಾಸದಲ್ಲಿ ಬೇಸತ್ತಿದ್ದ ಆತ ನಿತ್ಯದ ತಿರುಗಾಟಕ್ಕೆ ನಾಯಿಯನ್ನು ಜೊತೆಗೆ ಕರೆದೊಯ್ಯುತ್ತಿದ್ದ. ಆ ತಿರುಗಾಟ ಯಜಮಾನನಿಗೆ ಎಷ್ಟು ಬೇಕಾಗಿತ್ತೋ ನಾಯಿಗೂ ಅಷ್ಟೇ ಬೇಕಾಗಿತ್ತೆಂದು ನಾನು ಬಲ್ಲೆ.

ಏಕೆಂದರೆ ಬುದ್ಧಿಗೆ ಕೆಲಸ ಬೇಕು. ‘ನಾಯಿಗೆ ಕೆಲಸವಿಲ್ಲ, ಕೂರಲು ಪುರುಸೊತ್ತಿಲ್ಲ’ ಎಂಬ ಗಾದೆಯನ್ನು ನಾವು ನಗುತ್ತ ಹೇಳುತ್ತೇವೆ. ಕೆಲಸ ಕಳೆದುಕೊಂಡ ಈ ದುಡಿಯುವ ನಾಯಿಯ ಪಾಲಿಗೆ ಅದು ನಗೆಯ ಮಾತಲ್ಲ. ಒಂಟಿಯಾಗಿ ಬಿಟ್ಟರೆ ಬೊಗಳುತ್ತದೆ, ಚಪ್ಪಲಿ ಕಡಿಯುತ್ತದೆ, ತನ್ನ ಪಾದವನ್ನೇ ನೆಕ್ಕಿ ನೆಕ್ಕಿ ಹುಣ್ಣು ಮಾಡಿಕೊಳ್ಳುತ್ತದೆ. ಬೆಳಿಗ್ಗೆ ಸಂಜೆ ಕಾಲುಗಂಟೆಯ ನಡಿಗೆ, ಚೆಂಡು ಹುಡುಕುವ ಆಟ, ಕರೆದಾಗ ಬರುವ, ಹೇಳಿದಲ್ಲಿ ಕೂರುವ ನಾಲ್ಕಾರು ಪಾಠ — ಇಷ್ಟಾದರೆ ಅದು ಮನೆಯ ಬೆಳಕು. ಗದರಿಸಿದರೆ ಮುದುಡುವ ಸ್ವಭಾವ. ಮೆಚ್ಚಿ ಬೆನ್ನು ತಟ್ಟಿದರೆ ಎರಡನೆಯ ಸಲ ಹೇಳಬೇಕಾಗಿಲ್ಲ.

ಚುಚ್ಚುಮದ್ದಿನ ಮಾತನ್ನು ಬಿಡುವಂತಿಲ್ಲ. ಆರರಿಂದ ಎಂಟು ವಾರದಲ್ಲಿ ಆರಂಭಿಸಿ ನಾಲ್ಕು ತಿಂಗಳವರೆಗೆ ವೈದ್ಯರು ಹೇಳಿದ ಕ್ರಮದಲ್ಲಿ ಲಸಿಕೆ ಹಾಕಿಸಬೇಕು. ಗದ್ದೆಬಯಲಿನ ನಮ್ಮಲ್ಲಿ ಇಲಿಜ್ವರದ ಲಸಿಕೆಯೂ ಅಗತ್ಯ. ಮೂರು ತಿಂಗಳಿಗೆ ಹುಚ್ಚುನಾಯಿ ರೋಗದ ಲಸಿಕೆ, ಮುಂದೆ ವರ್ಷ ವರ್ಷವೂ ಅದು ತಪ್ಪಬಾರದು. ಮಡಿಲಿನ ನಾಯಿಗೆ ಆ ರೋಗ ಬಾರದೆಂಬ ಭ್ರಮೆ ಬೇಡ. ಬೇಲಿಯಾಚೆಯ ಒಂದು ಕಡಿತ ಸಾಕು. ಯಾವ ನಾಯಿ ಕಚ್ಚಿದರೂ ಗಾಯವನ್ನು ಸಾಬೂನು ಹಾಕಿ ಹರಿಯುವ ನೀರಿನಲ್ಲಿ ಹದಿನೈದು ನಿಮಿಷ ತೊಳೆದು, ಅರಿಸಿನ ಸುಣ್ಣ ಮೆತ್ತದೆ, ಅಂದೇ ಆಸ್ಪತ್ರೆಗೆ ಹೋಗಬೇಕು. ಲಕ್ಷಣ ಕಾಣಿಸಿಕೊಂಡ ಮೇಲೆ ಆ ರೋಗಕ್ಕೆ ಮದ್ದಿಲ್ಲ.

ಕೊಳ್ಳುವವರಿಗೆ ಎರಡು ಮಾತು. 2017ರ ಕೇಂದ್ರ ನಿಯಮಗಳಂತೆ ಎಂಟು ವಾರ ತುಂಬದ ಮರಿಯನ್ನು ಮಾರುವಂತಿಲ್ಲ. ತಳಿ ಬೆಳೆಸುವವರು ರಾಜ್ಯದ ಪ್ರಾಣಿಕಲ್ಯಾಣ ಮಂಡಳಿಯಲ್ಲಿ ನೋಂದಾಯಿಸಿಕೊಂಡಿರಬೇಕು. ತಾಯಿಯನ್ನು ತೋರಿಸಲು ಒಪ್ಪದವರಿಂದ ಮರಿ ತರಬೇಡಿ. ‘ಟೀಕಪ್ ಪೂಡಲ್’ ಎಂಬ ಹೆಸರಿನಲ್ಲಿ ಇನ್ನೂ ಕಿರಿದಾದುದನ್ನು ಇನ್ನೂ ಹೆಚ್ಚಿನ ಬೆಲೆಗೆ ಮಾರುವವರಿದ್ದಾರೆ. ಅಂಥ ಪ್ರಭೇದವನ್ನು ಪ್ರಮುಖ ಶ್ವಾನಸಂಸ್ಥೆಗಳು ಮಾನ್ಯಮಾಡಿಲ್ಲ. ಅಲ್ಲಿ ಬೆಲೆಯೊಡನೆ ರೋಗವೂ ಹೆಚ್ಚುತ್ತದೆ.

ಶ್ರೋತೃಗಳೇ, ಈ ನಾಯಿಯನ್ನು ಸಾಕಬೇಡಿ ಎಂದು ಹೇಳಲು ನಾನು ಬಂದಿಲ್ಲ. ಮಕ್ಕಳು ದೂರವಿರುವ ಮನೆಗಳಲ್ಲಿ ಇದರ ಪುಟ್ಟ ಹೆಜ್ಜೆಯ ಸಪ್ಪಳ ಎಂಥ ಆಸರೆ ಎಂಬುದನ್ನು ಬಲ್ಲೆ. ಚೆನ್ನಾಗಿ ನೋಡಿಕೊಂಡರೆ ಇದು ಹದಿನಾಲ್ಕು ಹದಿನೈದು ವರ್ಷ ಬಾಳುತ್ತದೆ. ಆದ್ದರಿಂದ ಮರಿಯನ್ನು ತರುವ ಮುನ್ನ ಮನೆಯವರೆಲ್ಲ ಕುಳಿತು ಕೇಳಿಕೊಳ್ಳಬೇಕಾದದ್ದು ಅದರ ಬೆಲೆ ಎಷ್ಟು, ಬಣ್ಣ ಯಾವುದು ಎಂದಲ್ಲ. ಅಷ್ಟು ವರ್ಷ ದಿನವೂ ಅರ್ಧಗಂಟೆ ಬಾಚಣಿಗೆ ಹಿಡಿಯುವ ಕೈ ಯಾರದು ಎಂದು. ಉತ್ತರ ‘ಅಪ್ಪ ಅಮ್ಮ ಊರಲ್ಲಿದ್ದಾರಲ್ಲ’ ಎಂದಾದರೆ, ಆ ಅಪ್ಪ ಅಮ್ಮನ ಕಣ್ಣಿಗೆ ಉಣುಗು ಕಾಣುವುದೇ, ಬೆರಳಿಗೆ ಗಂಟು ಬಿಡಿಸುವ ತ್ರಾಣವಿದೆಯೇ ಎಂದು ಮಕ್ಕಳು ಮೊದಲು ಯೋಚಿಸಲಿ. ತಾನಾಗಿ ಬಂದು ಜಗಲಿ ಸೇರುವ ಊರುನಾಯಿ ನಮ್ಮ ಮಳೆ ಬಿಸಿಲುಗಳನ್ನು ಅರಿತದ್ದು. ಅರೆಮರೆವಿನ ಯಜಮಾನನೊಡನೆಯೂ ಅದು ಹೇಗೋ ಬದುಕಿಕೊಳ್ಳುತ್ತದೆ. ಗುಂಗುರು ಕೂದಲಿನ ಈ ಅತಿಥಿ ತಾನಾಗಿ ಬಂದದ್ದಲ್ಲ, ನಾವು ಕರೆತಂದದ್ದು. ಕರೆತಂದವರಿಗೆ ಮರೆಯುವ ಅಧಿಕಾರವಿಲ್ಲ.